ಸೋಲ್ಡರಿಂಗ್ ಸ್ಟೇಷನ್: ಅಂಕಿ ಹೇಳುವುದು ಯಾವ ಉಷ್ಣತೆಯನ್ನು?

ಕೆಲವು ವರ್ಷಗಳ ಹಿಂದೆ ನಮ್ಮ ಪ್ರಯೋಗಾಲಯಕ್ಕೆ ಡಿಜಿಟಲ್ ಸೋಲ್ಡರಿಂಗ್ ಸ್ಟೇಷನ್ ಒಂದನ್ನು ತರಿಸಿದೆವು. ಪರದೆಯ ಮೇಲೆ 350 ಡಿಗ್ರಿ ಸೆಲ್ಸಿಯಸ್ ಎಂಬ ಅಂಕಿ ಅಲುಗಾಡದೆ ನಿಂತಿತ್ತು. ಆದರೆ ಹಳೆಯ ಕಂಪ್ಯೂಟರಿನ ಮದರ್‌ಬೋರ್ಡಿನಿಂದ ಕೆಪಾಸಿಟರ್ ಬಿಡಿಸಲು ಹೋದಾಗ ಅದರ ಋಣ ತುದಿಯ ಬೆಸುಗೆ ಕರಗಲೇ ಇಲ್ಲ. ವಿದ್ಯಾರ್ಥಿಗಳು ಅಂಕಿಯನ್ನು 450ಕ್ಕೆ ಏರಿಸಿದರು. ಬೆಸುಗೆ ಕರಗಿತು, ಅದರೊಂದಿಗೆ ತಾಮ್ರದ ಪ್ಯಾಡೂ ಕಿತ್ತುಬಂತು. ತಪ್ಪು ಅವರದಲ್ಲ, ಆ ಅಂಕಿ ಎಲ್ಲಿಯ ಉಷ್ಣತೆ ಎಂಬುದನ್ನು ನಾನು ಹೇಳಿಕೊಟ್ಟಿರಲಿಲ್ಲ.

63 ಭಾಗ ತವರ, 37 ಭಾಗ ಸೀಸವಿರುವ ಬೆಸುಗೆ 183 ಡಿಗ್ರಿಯಲ್ಲೇ ಕರಗುತ್ತದೆ. 2006ರ ಜುಲೈನಿಂದ ಐರೋಪ್ಯ ಒಕ್ಕೂಟ ಸೀಸದ ಬಳಕೆಗೆ ಕಡಿವಾಣ ಹಾಕಿದ ಮೇಲೆ ಹೆಚ್ಚು ಬಳಕೆಗೆ ಬಂದ ತವರ, ಬೆಳ್ಳಿ, ತಾಮ್ರಗಳ ಮಿಶ್ರಲೋಹಕ್ಕೆ ಸುಮಾರು 217ರಿಂದ 220 ಡಿಗ್ರಿ ಬೇಕು. ಹಾಗಿದ್ದರೆ 350 ಏಕೆ? ಉಷ್ಣ ಬೇಗ ಹರಿಯಬೇಕಾದರೆ ಉಷ್ಣತೆಯ ವ್ಯತ್ಯಾಸ ದೊಡ್ಡದಿರಬೇಕು. ಮದರ್‌ಬೋರ್ಡಿನ ಋಣ ತುದಿ ಒಳಪದರದ ಅಗಲವಾದ ತಾಮ್ರದ ಹಾಳೆಗೆ ಸೇರಿರುತ್ತದೆ. ಕೊಟ್ಟ ಉಷ್ಣವನ್ನೆಲ್ಲ ಆ ಹಾಳೆ ಹೀರಿಕೊಳ್ಳುತ್ತದೆ.

ಟಿಪ್ಪಿನಲ್ಲಿ 5 ಗ್ರಾಂ ತಾಮ್ರವಿದೆ ಎಂದುಕೊಳ್ಳಿ. ತಾಮ್ರದ ವಿಶಿಷ್ಟೋಷ್ಣ ಗ್ರಾಮಿಗೆ 0.385 ಜೌಲ್. ಟಿಪ್ 50 ಡಿಗ್ರಿ ತಣಿದರೆ ಅದು ಕೊಟ್ಟಿರುವುದು ಸುಮಾರು 96 ಜೌಲ್. 60 ವಾಟ್ ಹೀಟರ್ ಈ ನಷ್ಟವನ್ನು 1.6 ಸೆಕೆಂಡಿನಲ್ಲಿ ತುಂಬಬೇಕು. ಇದು ಕಾಗದದ ಮೇಲಿನ ಲೆಕ್ಕ. ಹಲವು ಅಗ್ಗದ ಮಾದರಿಗಳಲ್ಲಿ ಪಿಂಗಾಣಿಯ ಹೀಟರ್ ಕಡ್ಡಿಯ ಮೇಲೆ ಟೊಳ್ಳು ಟಿಪ್ಪನ್ನು ಟೋಪಿಯಂತೆ ತೊಡಿಸಿರುತ್ತಾರೆ. ನಡುವೆ ಗಾಳಿಯ ತೆಳುಪದರ ಉಳಿಯುತ್ತದೆ. ಗಾಳಿಯೋ ಉಷ್ಣದ ಬಲು ಮಂದ ವಾಹಕ. ಸಂವೇದಕವೂ ಹೀಟರಿನ ಬಳಿಯೇ ಇರುವುದರಿಂದ ಟಿಪ್ಪಿನ ತುದಿ ತಣ್ಣಗಾದ ಸುದ್ದಿ ಅದಕ್ಕೆ ತಡವಾಗಿ ಮುಟ್ಟುತ್ತದೆ. ಹೀಟರ್, ಸಂವೇದಕ, ಟಿಪ್ ಮೂರೂ ಒಂದೇ ಕಾರ್ಟ್ರಿಜ್ ಆಗಿರುವ ಮಾದರಿಗಳಲ್ಲಿ ಈ ತೊಡಕು ಬಹಳ ಕಡಿಮೆ. ಬೆಲೆ ಸ್ವಲ್ಪ ಹೆಚ್ಚಾದರೂ ನನ್ನ ಮತ ಅದಕ್ಕೇ.

ಕೊಳ್ಳುವ ಮುನ್ನ ಪರೀಕ್ಷಿಸುವುದು ಕಷ್ಟವಲ್ಲ. ಸಣ್ಣ ಎಳೆಯ ಕೆ ಮಾದರಿಯ ಥರ್ಮೊಕಪಲ್ ತೆಗೆದುಕೊಳ್ಳಿ. ದಪ್ಪ ಎಳೆಯಾದರೆ ಅದೇ ಉಷ್ಣ ಕದ್ದು ಅಳತೆಯನ್ನು ಕೆಡಿಸುತ್ತದೆ. ಟಿಪ್ಪಿನ ಮೇಲೆ ಒಂದು ಹನಿ ಬೆಸುಗೆ ಕರಗಿಸಿ ಅದರೊಳಗೆ ಸಂಧಿಯನ್ನು ಮುಳುಗಿಸಿ ಪರದೆಯ ಅಂಕಿಯೊಂದಿಗೆ ಹೋಲಿಸಿ. ವ್ಯತ್ಯಾಸವಿದ್ದರೆ ಗಾಬರಿ ಬೇಡ, ಸರಿಹೊಂದಿಸುವ ಸೌಲಭ್ಯ ಅನೇಕ ಸ್ಟೇಷನ್‌ಗಳಲ್ಲಿದೆ. ಮುಖ್ಯವಾದುದು ಮುಂದಿನ ಹಂತ. ಟಿಪ್ಪನ್ನು ತಾಮ್ರ ಹೊದಿಸಿದ ಬರಿಯ ಬೋರ್ಡಿನ ತುಂಡಿಗೆ ಒತ್ತಿ ಹಿಡಿದು, ಉಷ್ಣತೆ ಎಷ್ಟು ಕುಸಿಯಿತು, ತೆಗೆದ ಮೇಲೆ ಮೊದಲ ಮಟ್ಟಕ್ಕೆ ಬರಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಬರೆದುಕೊಳ್ಳಿ. ಎರಡು ಸ್ಟೇಷನ್‌ಗಳನ್ನು ಹೋಲಿಸುವಾಗ ತುಂಡೂ ಟಿಪ್ಪಿನ ಆಕಾರವೂ ಒಂದೇ ಇರಲಿ. ಸೂಜಿಮೊನೆಗಿಂತ ಉಳಿಯ ಆಕಾರದ ಟಿಪ್ ಹೆಚ್ಚು ಉಷ್ಣ ದಾಟಿಸುತ್ತದೆ. ನಮ್ಮ ಕೆಪಾಸಿಟರಿಗೆ ಬೇಕಾಗಿದ್ದುದು ಅಗಲ ಟಿಪ್ಪು ಮತ್ತು ಒಂದಿಷ್ಟು ಫ್ಲಕ್ಸ್, 450 ಡಿಗ್ರಿಯಲ್ಲ.

ಭೂಸಂಪರ್ಕವನ್ನೂ ನೋಡಬೇಕು. ಪ್ಲಗ್ ಕಿತ್ತು, ಟಿಪ್ ತಣಿದ ಮೇಲೆ, ಅದಕ್ಕೂ ಪ್ಲಗ್ಗಿನ ದಪ್ಪ ಪಿನ್ನಿಗೂ ನಡುವಿನ ರೋಧವನ್ನು ಮಲ್ಟಿಮೀಟರಿನಿಂದ ಅಳೆಯಿರಿ. ಸಾಮಾನ್ಯವಾಗಿ ಕೆಲವೇ ಓಮ್ ಇರಬೇಕು. ಸಂಪರ್ಕವೇ ಇಲ್ಲದಿದ್ದರೆ ಸೋರುವ ವೋಲ್ಟೇಜು ಸೂಕ್ಷ್ಮ ಐಸಿಗಳನ್ನು ಕೊಲ್ಲಬಹುದು. ಗೋಡೆಯ ಸಾಕೆಟ್ಟಿನ ಮೂರನೆಯ ರಂಧ್ರಕ್ಕೆ ತಂತಿಯೇ ಇಲ್ಲದ ಕೊಠಡಿಗಳನ್ನೂ ನಾನು ಕಂಡಿದ್ದೇನೆ!

ಕೊನೆಗೆ, ಟಿಪ್ ಕಪ್ಪಾಯಿತೆಂದು ಅರದಿಂದ ಉಜ್ಜಬೇಡಿ. ತಾಮ್ರವನ್ನು ಬೆಸುಗೆ ಕರಗಿಸಿಕೊಳ್ಳದಂತೆ ತಡೆಯುವುದು ಅದರ ಮೇಲಿನ ಕಬ್ಬಿಣದ ತೆಳು ಲೇಪ. ಅದು ಹೋದರೆ ಟಿಪ್ಪಿಗೆ ಬೇಗನೆ ಗುಳಿ ಬೀಳುತ್ತದೆ.