ಕಾಡಾನೆಗೂ ಕ್ಷಯ!

ಕ್ಷಯವೆಂದೊಡನೆ ನಮ್ಮ ಕಣ್ಣೆದುರಿಗೆ ನಿಲ್ಲುವುದು ಗಾಳಿಬೆಳಕಿಲ್ಲದ ಕೋಣೆ, ಬಿಡದ ಕೆಮ್ಮು, ಸೊರಗಿದ ದೇಹ. ಈ ಬೇನೆ ಕಾಡಿನ ಗಜರಾಜನನ್ನೂ ಬಿಟ್ಟಿಲ್ಲವೆಂದರೆ ವಾಚಕರು ಬೆರಗಾಗಬಹುದು. ನಮ್ಮ ನಾಗರಹೊಳೆಯ ಅರಣ್ಯದಲ್ಲಿ ಸತ್ತ ಕಾಡಾನೆಯೊಂದರ ಶವಪರೀಕ್ಷೆ ನಡೆಸಿದಾಗ ಅದರ ಶ್ವಾಸಕೋಶಗಳಲ್ಲಿ ಕ್ಷಯದ ಗಂಟುಗಳು ಕಂಡುಬಂದುವು. ಪ್ರಯೋಗಶಾಲೆಯಲ್ಲಿ ಪರೀಕ್ಷಿಸಲಾಗಿ, ಅದು ಮನುಷ್ಯರನ್ನು ಕಾಡುವ ರೋಗಾಣುವೇ ಎಂದು ಸಿದ್ಧವಾಯಿತು. ಈ ಸಂಗತಿ 2017ರಲ್ಲಿ ಪ್ರಕಟವಾಯಿತು. ದಕ್ಷಿಣ ಭಾರತದ ಇನ್ನೂ ಮೂರು ಕಾಡಾನೆಗಳ ವಿಷಯದಲ್ಲಿ ಅದೇ ವರ್ಷ ಇಂಥದೇ ವರದಿ ಬಂದಿತು.

ಮನುಷ್ಯನಲ್ಲಾದರೆ ಈ ರೋಗವನ್ನು ಗುರುತಿಸುವ ದಾರಿ ತಕ್ಕಮಟ್ಟಿಗೆ ಸುಗಮ. ಕಫದ ಪರೀಕ್ಷೆಯುಂಟು, ಎದೆಯ ಎಕ್ಸ್-ರೇ ಉಂಟು. ಆದರೆ ಬೆಳೆದ ಆನೆಯ ಎದೆಯನ್ನು ಎಕ್ಸ್-ರೇ ತೂರಿ ಹೋಗಲಾರದು. ಕೆಮ್ಮಿ ಕಫವನ್ನು ಉಗುಳೆಂದರೆ ಆನೆ ಕೇಳೀತೆ? ದನಗಳಿಗೆ ಮಾಡುವ ಚರ್ಮದ ಪರೀಕ್ಷೆಯೂ ಆನೆಯಲ್ಲಿ ನಂಬಲರ್ಹವಲ್ಲ.

ಆದುದರಿಂದ ಪಶುವೈದ್ಯರು ಸೊಂಡಿಲನ್ನೇ ಆಶ್ರಯಿಸಿದರು. ಸುಮಾರು 60 ಮಿಲಿಲೀಟರಿನಷ್ಟು ಶುದ್ಧವಾದ ಉಪ್ಪುನೀರನ್ನು ಸೊಂಡಿಲಿನ ಹೊಳ್ಳೆಯೊಳಗೆ ಬಿಟ್ಟು, ಸೊಂಡಿಲನ್ನು ಮೇಲೆತ್ತಿಸಿ, ಬಳಿಕ ಆ ನೀರನ್ನು ಚೀಲವೊಂದರೊಳಗೆ ಊದಿಸುತ್ತಾರೆ. ಹೀಗೆ ಬೇರೆ ಬೇರೆ ಮೂರು ದಿನ ಸಂಗ್ರಹಿಸಿದ ನೀರಿನಿಂದ ರೋಗಾಣುವನ್ನು ಬೆಳೆಸಲು ಯತ್ನಿಸುತ್ತಾರೆ. ಅದು ಬಹು ನಿಧಾನವಾಗಿ ಬೆಳೆಯುವುದರಿಂದ ಫಲಿತಾಂಶಕ್ಕೆ 8 ವಾರಗಳವರೆಗೂ ಕಾಯಬೇಕಾದೀತು. ರೋಗವಿದ್ದರೂ ಆನೆ ಪ್ರತಿದಿನವೂ ರೋಗಾಣುವನ್ನು ಹೊರಹಾಕುವುದಿಲ್ಲ. ಆದಕಾರಣ, ಏನೂ ಸಿಗಲಿಲ್ಲವೆಂದ ಮಾತ್ರಕ್ಕೆ ಆನೆ ನಿರೋಗಿಯೆಂದು ಹೇಳುವಂತಿಲ್ಲ.

ಇಷ್ಟಾದರೂ ಸಾಧ್ಯವಾಗುವುದು ಮಾವುತನ ಮಾತು ಕೇಳುವ ಸಾಕಾನೆಯಲ್ಲಿ. ಕಾಡಾನೆಯ ಸೊಂಡಿಲಿಗೆ ನೀರು ಬಿಡುವವರಾರು? ಮದ್ದು ಕೊಟ್ಟು ಮೈಮರೆಸುವುದೂ ಅದರ ಪ್ರಾಣಕ್ಕೆ ಅಪಾಯವಿಲ್ಲದ ಕೆಲಸವಲ್ಲ. ಹೀಗಾಗಿ ಕಾಡಾನೆಯ ಕ್ಷಯವು ಬಹುಮಟ್ಟಿಗೆ ಅದು ಸತ್ತ ಬಳಿಕವೇ ತಿಳಿದುಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗಾರನ ಕೈಯನ್ನು ತಡೆಯಬಹುದು. ರೋಗಾಣುವಿಗೆ ಕಾಯಿದೆಯ ಅಂಜಿಕೆ ಎಲ್ಲಿಯದು?

ಈ ರೋಗಾಣುವಿನ ಮುಖ್ಯ ನೆಲೆ ಮನುಷ್ಯನೇ. ಆದುದರಿಂದ ಆನೆಯ ರಕ್ಷಣೆಯೂ ಮನುಷ್ಯನಿಂದಲೇ ಮೊದಲಾಗಬೇಕು. ಮಾವುತರ, ಕಾವಾಡಿಗರ ಆರೋಗ್ಯ ತಪಾಸಣೆ ಆನೆಯ ತಪಾಸಣೆಯಷ್ಟೇ ಅವಶ್ಯ. ನಮಗೂ ಇದರಲ್ಲಿ ಒಂದು ಪಾಠವಿದೆ. ಒಂದೇ ಕೋಣೆಯಲ್ಲಿ ಹಲವರು ಮಲಗುವ ನಮ್ಮವರು ಎರಡು ವಾರ ಮೀರಿದ ಕೆಮ್ಮನ್ನು ಉದಾಸೀನ ಮಾಡಬಾರದು. ಸರಕಾರಿ ಆಸ್ಪತ್ರೆಗಳಲ್ಲಿ ಕಫದ ಪರೀಕ್ಷೆಯೂ ಔಷಧಿಯೂ ಉಚಿತ. ಕಾಡಾನೆ ತನ್ನ ಬೇನೆಯನ್ನು ಹೇಳಿಕೊಳ್ಳಲಾರದು. ಬಾಯಿದ್ದ ನಾವು ಹೇಳಿಕೊಳ್ಳದೆ ಇರುವುದೇಕೆ?