ನಾಯಿಯ ಕೆಮ್ಮೂ ಪ್ರಯೋಗಶಾಲೆಯೂ

ಸಾಕಿದ ನಾಯಿಯು ಕೆಮ್ಮಿದರೆ ಮನೆಯವರು ಅದನ್ನು ದೊಡ್ಡ ಸಂಗತಿಯೆಂದು ಎಣಿಸುವುದಿಲ್ಲ. ಗಂಟಲಲ್ಲಿ ಮೂಳೆಯ ಚೂರು ಸಿಕ್ಕಿರಬಹುದೆಂದು ಒಬ್ಬರೆಂದರೆ, ಥಂಡಿ ಹಿಡಿದಿರಬಹುದೆಂದು ಮತ್ತೊಬ್ಬರೆನ್ನುವರು. ಎರಡು ಮೂರು ದಿನಗಳಲ್ಲಿ ಕೆಮ್ಮು ನಿಂತರೆ ಮಾತು ಅಲ್ಲಿಗೇ ಮುಗಿಯಿತು. ನಿಲ್ಲದಿದ್ದರೆ ಪಶುವೈದ್ಯರ ಬಳಿಗೆ ಹೋಗುವುದು ಏಳನೆಯ ದಿನವೋ ಎಂಟನೆಯ ದಿನವೋ. ಈ ವಿಳಂಬದಿಂದ ಒಂದು ಅಂಟುಜಾಡ್ಯವು ಪ್ರಯೋಗಶಾಲೆಯ ಕಣ್ಣಿಗೂ ಮಣ್ಣೆರಚಬಲ್ಲುದೆಂಬುದನ್ನು ವಾಚಕರು ತಿಳಿದಿರುವುದೊಳ್ಳೆಯದು. ಆ ಜಾಡ್ಯವೇ ನಾಯಿಗಳ ಇನ್‌ಫ್ಲೂಯೆಂಜಾ.

ಅಮೆರಿಕದಲ್ಲಿ ೨೦೦೪ನೆಯ ಇಸವಿಯವರೆಗೆ ಇಂತಹ ರೋಗವೊಂದುಂಟೆಂದು ಪಶುವೈದ್ಯರು ಎಣಿಸಿರಲಿಲ್ಲ. ಆ ವರ್ಷದ ಜನವರಿಯಲ್ಲಿ ಫ್ಲಾರಿಡಾ ಸಂಸ್ಥಾನದ ಪಂದ್ಯದ ಮೈದಾನವೊಂದರಲ್ಲಿ ೨೨ ಗ್ರೇಹೌಂಡ್ ನಾಯಿಗಳು ಕಾಯಿಲೆ ಬಿದ್ದವು. ನಾಯಿಗಳನ್ನು ಓಡಿಸಿ ಪಣವೊಡ್ಡುವ ಪದ್ಧತಿ ಆಗ ಅಲ್ಲಿ ಇದ್ದಿತು. ೨೦೧೮ರಲ್ಲಿ ಜನರೇ ಮತವಿತ್ತು ಅದನ್ನು ನಿಷೇಧಿಸಿದುದರಿಂದ ೨೦೨೦ರ ಕೊನೆಗೆ ನಿಂತುಹೋಯಿತು. ನಮ್ಮ ಮುಧೋಳದ ನಾಯಿಯನ್ನು ಕಂಡವರಿಗೆ ಗ್ರೇಹೌಂಡಿನ ರೂಪವನ್ನು ಬಣ್ಣಿಸಬೇಕಾದುದಿಲ್ಲ: ಅದೇ ಸಣ್ಣ ನಡು, ಆಳವಾದ ಎದೆ, ನೀಳವಾದ ಕಾಲು. ಓಡುವ ನಾಯಿಗೆ ಶ್ವಾಸಕೋಶವೇ ಸರ್ವಸ್ವ. ಆ ೨೨ರಲ್ಲಿ ೧೪ ಚೇತರಿಸಿಕೊಂಡವು. ಉಳಿದ ೮ ಶ್ವಾಸಕೋಶದಲ್ಲಿ ರಕ್ತಸ್ರಾವವಾಗಿ ಸತ್ತವು. ನಾಯಿಗಳು ಗುಂಪಾಗಿರುವೆಡೆಯಲ್ಲಿ ಹಬ್ಬುವ ಸಾಮಾನ್ಯ ಕೆಮ್ಮು ಬಹಳ ದಿನಗಳಿಂದ ಪರಿಚಿತವಾದುದೇ. ಆದರೆ ಅದು ಹೀಗೆ ಕೊಲ್ಲುವಂಥದಲ್ಲ.

ಫ್ಲಾರಿಡಾ ವಿಶ್ವವಿದ್ಯಾನಿಲಯದ ಡಾಕ್ಟರ್ ಸಿಂಡಾ ಕ್ರಾಫರ್ಡ್ ಎಂಬ ವಿದುಷಿಯು ಈ ಸಾವಿನ ಕಾರಣವನ್ನರಸತೊಡಗಿದರು. ಸತ್ತ ಐದು ನಾಯಿಗಳ ಶ್ವಾಸಕೋಶದ ತುಣುಕುಗಳು ಕಾರ್ನೆಲ್ ವಿಶ್ವವಿದ್ಯಾನಿಲಯದ ಡಾಕ್ಟರ್ ಎಡ್ವರ್ಡ್ ಡುಬೋವಿಯವರ ಪ್ರಯೋಗಶಾಲೆಯನ್ನು ಸೇರಿದವು. ಅಲ್ಲಿ ಅವನ್ನು ಅರೆದು, ಗಾಜಿನ ಪಾತ್ರೆಗಳಲ್ಲಿ ಬೆಳೆಸಿದ ಜೀವಕಣಗಳ ಮೇಲೆ ಹಾಕಿ ಕಾದರು. ಐದರಲ್ಲಿ ಒಂದೇ ಒಂದು ನಾಯಿಯ ತುಣುಕಿನಿಂದ ವೈರಸ್ಸು ಬೆಳೆದು ಬಂದಿತು. ಅದು ಬೆಳೆದುದು, ೧೯೫೮ರಲ್ಲಿ ಕಾಕರ್ ಸ್ಪ್ಯಾನಿಯಲ್ ಜಾತಿಯ ನಾಯಿಯೊಂದರ ಮೂತ್ರಪಿಂಡದಿಂದ ತೆಗೆದು ಅಂದಿನಿಂದ ಪ್ರಯೋಗಶಾಲೆಗಳಲ್ಲಿ ಬೆಳೆಸಿಕೊಂಡು ಬಂದ ಜೀವಕಣಗಳಲ್ಲಿ. ಮನುಷ್ಯರ ಇನ್‌ಫ್ಲೂಯೆಂಜಾವನ್ನು ಬೆಳೆಸಲು ಪಂಡಿತರು ಎಷ್ಟೋ ವರ್ಷ ನಾಯಿಯ ಜೀವಕಣಗಳನ್ನೇ ಬಳಸುತ್ತಿದ್ದರೂ, ನಾಯಿಗೇ ಆ ರೋಗ ಬಂದೀತೆಂದು ಹೆಚ್ಚಿನವರಿಗೆ ಹೊಳೆದಿರಲಿಲ್ಲವೆಂಬುದು ವಿಚಿತ್ರವೇ ಸರಿ! ಸಿಕ್ಕಿದ ವೈರಸ್ಸು ಎಚ್‌೩ಎನ್‌೮ ಎಂಬ ಜಾತಿಯದು; ೧೯೬೩ರಿಂದ ಕುದುರೆಗಳಲ್ಲಿ ಕಂಡುಬಂದಿದ್ದುದು, ಕುದುರೆಯಿಂದ ನಾಯಿಗೆ ದಾಟಿತ್ತು. ಈ ವೃತ್ತಾಂತವು ೨೦೦೫ರಲ್ಲಿ ಪ್ರಕಟವಾಯಿತು.

ಈಗ ಪರೀಕ್ಷೆಗೆ ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ. ಕೃತಕ ನೂಲಿನ ಕುಂಚದಿಂದ ನಾಯಿಯ ಮೂಗಿನ ಮತ್ತು ಗಂಟಲಿನ ಸ್ರಾವವನ್ನು ತೆಗೆದು, ತಂಪಿನಲ್ಲಿಟ್ಟು ಕಳುಹಿಸುವರು. ಪ್ರಯೋಗಶಾಲೆಯಲ್ಲಿ ವೈರಸ್ಸಿನ ಆರ್. ಎನ್. ಎ. ಎಂಬ ಬೀಜದ್ರವ್ಯವನ್ನು ಮೊದಲು ಡಿ. ಎನ್. ಎ. ಆಗಿ ಮಾರ್ಪಡಿಸಿ, ಅನಂತರ ಪಿ. ಸಿ. ಆರ್. ಎಂಬ ವಿಧಾನದಿಂದ ಕಾಯಿಸಿ ಆರಿಸಿ, ಕಾಯಿಸಿ ಆರಿಸಿ, ಪ್ರತಿಯೊಂದು ಸುತ್ತಿಗೂ ಇಮ್ಮಡಿಯಾಗಿಸುವರು. ಒಂದು ಎರಡಾಗಿ, ಎರಡು ನಾಲ್ಕಾಗಿ, ಮೂವತ್ತು ಸುತ್ತುಗಳಾಗುವಷ್ಟರಲ್ಲಿ ಒಂದು ತುಣುಕು ನೂರು ಕೋಟಿಗೂ ಮಿಕ್ಕಿರುತ್ತದೆ. ಇಷ್ಟು ಸೂಕ್ಷ್ಮವಾದ ಪರೀಕ್ಷೆಯೂ ಕುಂಚಕ್ಕೆ ಹತ್ತದೆ ಇರುವುದನ್ನು ಕಾಣಲಾರದು. ತೊಡಕಿರುವುದು ಇಲ್ಲಿಯೇ. ಸೋಂಕು ತಗಲಿದ ಎರಡರಿಂದ ನಾಲ್ಕು ದಿನಗಳಲ್ಲಿ, ಎಂದರೆ ಕೆಮ್ಮು ಇನ್ನೂ ಆರಂಭವಾಗುತ್ತಿರುವಾಗಲೇ, ವೈರಸ್ಸು ಮೂಗಿನಲ್ಲಿ ತುಂಬಿ ತುಳುಕುವುದು. ಎಚ್‌೩ಎನ್‌೮ ಆದರೆ ವಾರ ಹತ್ತು ದಿನಗಳಲ್ಲಿ ಅಡಗಿಹೋಗುವುದು. ಕೆಮ್ಮು ಮಾತ್ರ ಎರಡು ಮೂರು ವಾರ ಉಳಿಯುವುದು. ಎಂಟನೆಯ ದಿನ ತೆಗೆದ ಸ್ರಾವದಲ್ಲಿ ಏನೂ ಇಲ್ಲವೆಂದು ವರದಿ ಬಂದರೆ, ನಾಯಿಗೆ ಈ ರೋಗ ಬಂದೇ ಇರಲಿಲ್ಲವೆಂದು ಅರ್ಥವಲ್ಲ. ಆ ಕಾಗದವನ್ನು ನಂಬಿ, ಜೊತೆಗಿದ್ದ ನಾಯಿಗಳನ್ನು ಇತರ ನಾಯಿಗಳೊಡನೆ ಆಡಲು ಬಿಟ್ಟರೆ ಆಗುವ ಅನರ್ಥವನ್ನು ಊಹಿಸಬಹುದು. ಸೋಂಕು ತಗಲಿದ ಐದರಲ್ಲಿ ಸುಮಾರು ಒಂದು ನಾಯಿಯು ಕೆಮ್ಮದೆಯೂ ರೋಗವನ್ನು ಹರಡಬಲ್ಲುದು.

ಕಾಲ ಮೀರಿದಾಗ ರಕ್ತವನ್ನು ಕೇಳಬೇಕು. ಇನ್‌ಫ್ಲೂಯೆಂಜಾ ವೈರಸ್ಸಿಗೆ ರಕ್ತದ ಕೆಂಪು ಕಣಗಳನ್ನು ಒಂದಕ್ಕೊಂದು ಅಂಟಿಸುವ ಗುಣವುಂಟು. ರೋಗವನ್ನು ಉಂಡ ನಾಯಿಯ ರಕ್ತರಸದಲ್ಲಿ ಹುಟ್ಟಿದ ಪ್ರತಿಕಾಯಗಳು ಈ ಅಂಟುವಿಕೆಯನ್ನು ತಡೆಯುತ್ತವೆ. ರಸವನ್ನು ಇಮ್ಮಡಿ, ಮತ್ತೆ ಇಮ್ಮಡಿಯಾಗಿ ತಿಳಿಮಾಡುತ್ತ ಹೋಗಿ, ಯಾವ ತಿಳಿವಿನವರೆಗೆ ತಡೆಯುವ ಶಕ್ತಿ ಉಳಿದಿತ್ತೆಂದು ಬರೆದಿಡುವರು. ಒಂದು ಸಲದ ರಕ್ತ ಸಾಲದು. ಕಾಯಿಲೆಯ ಆರಂಭದಲ್ಲೊಮ್ಮೆ, ಹತ್ತರಿಂದ ಹದಿನಾಲ್ಕು ದಿನಗಳ ಮೇಲೊಮ್ಮೆ ತೆಗೆದು ಹೋಲಿಸಬೇಕು. ಎರಡನೆಯದರ ಶಕ್ತಿಯು ನಾಲ್ಕು ಪಟ್ಟಾದರೂ ಏರಿದ್ದರೆ ರೋಗವು ಈಚಿನದೆಂದು ನಿರ್ಣಯ. ರೋಗಿಗೆ ಇದರಿಂದ ಪ್ರಯೋಜನ ಅಲ್ಪವೆಂದು ಕೆಲವರೆನ್ನುವರು, ಅದು ನಿಜವೇ. ಆದರೆ ನೆರೆಯ ನಾಯಿಗಳಿಗೆ ಪ್ರಯೋಜನವುಂಟು.

ಇನ್ನೊಂದು ಎಚ್ಚರಿಕೆಯನ್ನು ಷಿಕಾಗೋ ನಗರವು ಕಲಿಸಿತು. ೨೦೧೫ರ ಆರಂಭದಲ್ಲಿ ಅಲ್ಲಿ ಸಾವಿರಕ್ಕೂ ಮಿಕ್ಕು ನಾಯಿಗಳು ಕಾಯಿಲೆ ಬಿದ್ದಾಗ, ಇದು ಹಳೆಯ ಎಚ್‌೩ಎನ್‌೮ ಎಂದೇ ಮೊದಲು ಭಾವಿಸಿದರು. ಏಪ್ರಿಲಿನಲ್ಲಿ ಕಾರ್ನೆಲ್ ಮತ್ತು ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯಗಳ ಪ್ರಯೋಗಶಾಲೆಗಳು ಇನ್ನಷ್ಟು ಶೋಧಿಸಿ, ಇದು ಎಚ್‌೩ಎನ್‌೨ ಎಂದು ಸಾರಿದವು. ಅದು ಕುದುರೆಯದಲ್ಲ, ಹಕ್ಕಿಗಳ ಮೂಲದ್ದು. ಕೊರಿಯಾ ಮತ್ತು ಚೀನಾ ದೇಶಗಳ ನಾಯಿಗಳಲ್ಲಿ ಮೊದಲೇ ಕಂಡುಬಂದಿದ್ದುದು. ಹೆಸರಿನ ಒಂದಂಕಿಯ ಭೇದವೆಂದು ತಿರಸ್ಕರಿಸಬಾರದು: ಹೊಸದು ಮೂರು ವಾರಗಳಿಗೂ ಮೀರಿ ಬಿಟ್ಟು ಬಿಟ್ಟು ಸ್ರವಿಸಬಲ್ಲುದು. ಆದುದರಿಂದ ಅದು ತಗಲಿದ ನಾಯಿಯನ್ನು ಕನಿಷ್ಠ ೨೧ ದಿನವಾದರೂ ಬೇರೆಯಿರಿಸಬೇಕು.

ಮನುಷ್ಯರಿಗೆ ಇದು ತಗಲಿದ ನಿದರ್ಶನ ಇದುವರೆಗೆ ದೊರೆತಿಲ್ಲ. ಆದರೆ ಮನುಷ್ಯರು ಹೊತ್ತೊಯ್ಯಬಲ್ಲರು. ವೈರಸ್ಸು ಗಟ್ಟಿಯಾದ ಪಾತ್ರೆ ನೆಲಗಳ ಮೇಲೆ ೪೮ ಗಂಟೆ, ಬಟ್ಟೆಯ ಮೇಲೆ ೨೪ ಗಂಟೆ, ಕೈಗಳ ಮೇಲೆ ೧೨ ಗಂಟೆಯವರೆಗೂ ಬದುಕಿರಬಹುದು. ಸಾಬೂನಿನ ಮುಂದೆ ನಿಲ್ಲಲಾರದು.

ಎಚ್‌೩ಎನ್‌೮ಕ್ಕೆ ೨೦೦೯ರಲ್ಲಿ, ಎಚ್‌೩ಎನ್‌೨ಕ್ಕೆ ೨೦೧೫ರಲ್ಲಿ ಅಮೆರಿಕದಲ್ಲಿ ಲಸಿಕೆಗಳು ಬಂದವು. ಲಸಿಕೆ ಹಾಕಿಸಿಕೊಂಡ ನಾಯಿಯ ರಕ್ತದಲ್ಲಿ ರೋಗವಿಲ್ಲದೆಯೇ ಪ್ರತಿಕಾಯಗಳಿರುವುದರಿಂದ, ಆ ಸಂಗತಿಯನ್ನು ವೈದ್ಯರಿಗೆ ತಿಳಿಸದೆ ಇದ್ದರೆ ರಕ್ತಪರೀಕ್ಷೆಯ ಫಲವು ಗೊಂದಲಕ್ಕೆಡೆಯಾಗುವುದು. ಅಂಥ ನಾಯಿಗೆ ಮೂಗಿನ ಸ್ರಾವದ ಪರೀಕ್ಷೆಯೇ ಮುಖ್ಯವಾದ ದಾರಿ. ಅದನ್ನೂ ಕೆಮ್ಮು ತೊಡಗಿದ ಮೊದಲ ನಾಲ್ಕು ದಿನಗಳೊಳಗೆ ಮಾಡಿಸಬೇಕು.