ಉಪ್ಪುಗಾಳಿಯಲ್ಲೊಂದು ಡಾಡ್ಜ್

ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ ಮೂರು ಮೀಟರ್. ಬಂಪರಿನಿಂದ ಬಂಪರಿಗೆ ಐದು ಮೀಟರಿಗೆ ತುಸು ಕಡಿಮೆ. ತೂಕದಲ್ಲಿ ಸುಮಾರು ಎರಡು ಮಾರುತಿ 800ಕ್ಕೆ ಸಮ. 1950ರ ದಶಕದ ಆರಂಭದ ಡಾಡ್ಜ್ ಕಿಂಗ್ಸ್‌ವೇ ಕಾರಿನ ಅಳತೆಯಿದು. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಬಹುದು, ಮುಂದಿನ ಸೀಟು ಈ ಬದಿಯಿಂದ ಆ ಬದಿಯವರೆಗೆ ಒಂದೇ ಬೆಂಚು. ಗೇರಿನ ಕೋಲು ಸ್ಟಿಯರಿಂಗ್ ಕಂಬದ ಮೇಲಿದ್ದು, ಹಳೆಯ ಅಂಬಾಸಡರ್ ಓಡಿಸಿದವರಿಗೆ ಅದರಲ್ಲಿ ಹೊಸತೇನೂ ಕಾಣದು.

ಹುಟ್ಟು ಅಮೆರಿಕದ್ದಾದರೂ ಇದನ್ನು ಜೋಡಿಸಿದ್ದು ಮುಂಬೈಯ ಕುರ್ಲಾದಲ್ಲಿ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್, ಕ್ರೈಸ್ಲರ್ ಕಂಪನಿಯ ಬಿಡಿಭಾಗಗಳನ್ನು ಹಡಗಿನಲ್ಲಿ ತರಿಸಿ 1947ರಿಂದ ಡಾಡ್ಜ್, ಪ್ಲಿಮತ್, ಡಿಸೋಟೊ ಕಾರುಗಳನ್ನು ಕೂಡಿಸತೊಡಗಿತು. ಉತ್ತರ ಕನ್ನಡ 1956ರ ನವೆಂಬರ್ 1ರವರೆಗೆ ಮುಂಬೈ ರಾಜ್ಯಕ್ಕೇ ಸೇರಿದ್ದ ಜಿಲ್ಲೆ. ಹೊನ್ನಾವರ, ಕುಮಟೆ, ಭಟ್ಕಳದವರಿಗೆ ವ್ಯಾಪಾರ, ಓದು, ನೌಕರಿ ಎಲ್ಲಕ್ಕೂ ಮುಂಬೈಯೇ ದಿಕ್ಕು. ಮೋಟಾರು ಕೂಡ ಆ ದಿಕ್ಕಿನಿಂದಲೇ ಬರಬೇಕಿತ್ತು. ಶರಾವತಿಗೆ ಸೇತುವೆಯಿಲ್ಲದ ಕಾಲದಲ್ಲಿ ಅದು ಜಂಗಲ್ ಹತ್ತಿ ಹೊಳೆ ದಾಟುತ್ತಿತ್ತು. ಜಂಗಲ್ ಎಂದರೆ ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ ತೇಲುಕಟ್ಟೆ.

1953ರಲ್ಲಿ ಸುಂಕ ಆಯೋಗದ ಶಿಫಾರಸಿನಂತೆ ಸರ್ಕಾರ ಹೊಸ ನೀತಿ ತಂದಿತು. ಇಲ್ಲಿಯೇ ತಯಾರಿಸುವ ಯೋಜನೆಯಿಲ್ಲದೆ ಬರೀ ಜೋಡಣೆ ಮಾಡುವ ಕಂಪನಿಗಳಿಗೆ ಜಾಗವಿಲ್ಲವೆಂದಾಯಿತು. ಮುಂಬೈಯಲ್ಲಿದ್ದ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಬಾಗಿಲು ಹಾಕಿದವು. ಮುಂದೆ ಕ್ರಮೇಣ ದೊಡ್ಡ ಅಮೆರಿಕನ್ ಕಾರು ಬೇಕೆಂದವರಿಗೆ ಬಹುಮಟ್ಟಿಗೆ ಹಳೆಯದೇ ಗತಿ; ರಾಯಭಾರ ಕಚೇರಿಗಳು ಬಳಸಿಬಿಟ್ಟ ಕಾರುಗಳನ್ನು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ ಕೊಳ್ಳುವುದು ಒಂದು ದಾರಿಯಾಗಿತ್ತು. ಕಾರು ಉಳಿಯಿತು, ಬಿಡಿಭಾಗ ನಿಂತುಹೋಯಿತು. ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ಅಚ್ಚೊತ್ತಿ ಬಂದ ವಸ್ತುವನ್ನು ಒಂದೊಂದಾಗಿ ಕೈಯಲ್ಲೇ ಮತ್ತೆ ಮಾಡಬೇಕಾದ ಕಸುಬು ಶುರುವಾದದ್ದು ಹೀಗೆ.

ಕರಾವಳಿಯಲ್ಲಿ ಆ ಕಸುಬಿಗೆ ಇನ್ನೊಂದು ಕಷ್ಟ ಜೊತೆಯಾಗುತ್ತದೆ. ಹೊನ್ನಾವರದಿಂದ ತೆಂಕಕ್ಕೆ, ಕಾಸರಕೋಡು ದಾಟಿದರೆ ಅಪ್ಸರಕೊಂಡ. ಗುಡ್ಡದಿಂದ ಇಳಿಯುವ ಝರಿ ಕೊಳಕ್ಕೆ ಬೀಳುವಲ್ಲಿಂದ ಕಡಲು ಕೂಗಳತೆಯಷ್ಟೇ ದೂರ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಅಲೆ ಒಡೆದಾಗ ಹಾರುವ ಸಣ್ಣ ಹನಿ ಗಾಳಿಯೊಡನೆ ಒಳನಾಡಿಗೆ ಬರುತ್ತದೆ, ನೀರು ಆರಿದರೂ ಉಪ್ಪು ತಗಡಿನ ಮೇಲೆ ಕೂರುತ್ತದೆ. ಉಪ್ಪು ಗಾಳಿಯ ತೇವ ಹೀರುವ ವಸ್ತುವಾದ್ದರಿಂದ ಮಳೆಯಿಲ್ಲದ ದಿನವೂ ಉಕ್ಕಿನ ಮೇಲೆ ತೆಳುವಾದ ಒದ್ದೆ ಪದರ ಉಳಿಯುತ್ತದೆ. ತುಕ್ಕಿಗೆ ಅಷ್ಟು ಸಾಕು. ಅದು ಹೊರಗಿನಿಂದ ಒಳಗೆ ಹೋಗುವುದಕ್ಕಿಂತ ಒಳಗಿನಿಂದ ಹೊರಗೆ ಬರುವುದೇ ಹೆಚ್ಚು. ಬಾಗಿಲಿನ ತಳ, ಮೆಟ್ಟಿಲಿನಂತಿರುವ ಸಿಲ್ಲಿನ ಪೊಳ್ಳು, ಹೆಡ್‌ಲೈಟಿನ ಹಿಂದಿನ ಮೂಲೆ, ಡಿಕ್ಕಿಯ ನೆಲ ಮೊದಲು ಹೋಗುತ್ತವೆ. ಬಣ್ಣದ ಮೇಲೆ ಗುಳ್ಳೆಯೆದ್ದದ್ದು ಕಂಡಾಗ ಒಳಗೆ ತೂತು ಬಿದ್ದಾಗಿರುತ್ತದೆ.

ಆದ್ದರಿಂದ ಇಲ್ಲಿ ಕಾರು ಸಾಕುವುದೆಂದರೆ ಮೊದಲು ತೊಳೆಯುವುದು. ಬಾವಿಯ ಸಿಹಿನೀರಿನಲ್ಲಿ ಮೇಲ್ಮೈಗಿಂತ ತಳಭಾಗವನ್ನೇ ಚೆನ್ನಾಗಿ ತೊಳೆಯಬೇಕು. ಬಾಗಿಲುಗಳ ಅಡಿಯಲ್ಲಿರುವ ಸಣ್ಣ ತೂತುಗಳಿಗೆ ತಂತಿ ಹಾಕಿ ಕಸ ತೆಗೆಯಬೇಕು. ಅವು ಮುಚ್ಚಿಕೊಂಡರೆ ಬಾಗಿಲೊಳಗೆ ನೀರು ನಿಲ್ಲುತ್ತದೆ. ಮಳೆಗಾಲದಲ್ಲಿ ಪ್ಲಾಸ್ಟಿಕ್ ತಾಡಪಾಲು ಹೊದೆಸುವುದು ಒಳ್ಳೆಯದೆಂದು ತೋರುತ್ತದೆ, ಆದರೆ ಅದರಡಿಯಲ್ಲಿ ತೇವ ಸಿಕ್ಕಿಕೊಳ್ಳುತ್ತದೆ. ಗಾಳಿಯಾಡುವ ಚಿರೆಕಲ್ಲಿನ ಕೊಟ್ಟಿಗೆ, ಮೇಲೊಂದು ಹತ್ತಿಬಟ್ಟೆ, ಅಷ್ಟೇ ವಾಸಿ.

ಇಷ್ಟಾದರೂ ಬರುವ ತುಕ್ಕಿಗೆ ಟಿಂಕರಿಂಗ್. ತಗಡು ತಟ್ಟಿ ರೂಪ ಕೊಡುವ ಕೆಲಸಕ್ಕೆ ನಮ್ಮ ಗ್ಯಾರೇಜುಗಳಲ್ಲಿ ಬಳಕೆಯಲ್ಲಿರುವ ಹೆಸರದು. ಹಳೆಯ ಡಾಡ್ಜಿನ ತಗಡು ಇಂದಿನ ಕಾರುಗಳದಕ್ಕಿಂತ ದಪ್ಪ, ಅದಕ್ಕೇ ಅದು ಪೆಟ್ಟು ತಾಳುತ್ತದೆ. ಟಿಂಕರು ಮೊದಲು ಕೊಳೆತ ಭಾಗವನ್ನು ಗಟ್ಟಿ ಉಕ್ಕು ಸಿಗುವವರೆಗೂ ಕತ್ತರಿಸಿ ತೆಗೆಯುತ್ತಾನೆ. ರಟ್ಟಿನಲ್ಲಿ ಮಾದರಿ ಕತ್ತರಿಸಿ, ಅದರಂತೆ ಹೊಸ ತಗಡು ಕೊಯ್ದು, ಮರಳು ತುಂಬಿದ ಚೀಲದ ಮೇಲಿಟ್ಟು ಮರದ ಕೊಡತಿಯಿಂದ ತಟ್ಟಿ ಉಬ್ಬು ಕೊಡುತ್ತಾನೆ. ಬೆಸುಗೆಯನ್ನು ಒಂದೇ ಸಮನೆ ಎಳೆಯುವುದಿಲ್ಲ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ನಡುವೆ ತಣಿಯಲು ಬಿಡುವು. ಒಂದೇ ಕಡೆ ಕಾವು ಕೂಡಿದರೆ ಇಡೀ ತಗಡು ಸೊಟ್ಟಗಾಗುತ್ತದೆ.

ಮುಂದಿನದು ಸುತ್ತಿಗೆ ಮತ್ತು ಡಾಲಿಯ ಕೆಲಸ. ಡಾಲಿ ಎಂದರೆ ಅಂಗೈಯಲ್ಲಿ ಹಿಡಿಯುವಷ್ಟಿರುವ, ನಯವಾಗಿ ಬಾಗಿರುವ ಉಕ್ಕಿನ ಗಟ್ಟಿ. ಅದನ್ನು ತಗಡಿನ ಒಳಮಗ್ಗುಲಿಗೆ ಆನಿಸಿ ಹೊರಗಿನಿಂದ ಸುತ್ತಿಗೆಯಲ್ಲಿ ತಟ್ಟುತ್ತಾರೆ. ಸುತ್ತಿಗೆ ನೇರ ಡಾಲಿಯ ಮೇಲೆ ಬಿದ್ದರೆ ತಗಡು ಹಿಗ್ಗುತ್ತದೆ. ಡಾಲಿಯ ಪಕ್ಕಕ್ಕೆ ಬಿದ್ದರೆ ಉಬ್ಬು ತಗ್ಗಿ, ಡಾಲಿಯಿರುವಲ್ಲಿನ ತಗ್ಗು ಮೇಲೇಳುತ್ತದೆ. ಎರಡರ ಸದ್ದೂ ಬೇರೆ, ಪಳಗಿದವನು ಕಿವಿಯಿಂದಲೇ ಗುರುತಿಸುತ್ತಾನೆ. ಹಿಗ್ಗಿ ಸಡಿಲವಾದ ತಗಡನ್ನು ಕುಗ್ಗಿಸಲೂ ಉಪಾಯವಿದೆ: ನಾಣ್ಯದಗಲದ ಜಾಗವನ್ನು ಕೆಂಪಗೆ ಕಾಯಿಸಿ, ಸುತ್ತಲೂ ಮೆಲ್ಲಗೆ ತಟ್ಟಿ, ಒದ್ದೆ ಬಟ್ಟೆ ಒತ್ತುವುದು. ತಣಿಯುವಾಗ ಉಕ್ಕು ತನ್ನ ಸುತ್ತಲಿನದನ್ನು ಎಳೆದುಕೊಳ್ಳುತ್ತದೆ. ಬೆಳಕಿನಲ್ಲಿ ಕಣ್ಣಿಗೆ ಕಾಣದ ತಗ್ಗು ಅಂಗೈಗೆ ಸಿಗುತ್ತದೆ, ಹಾಗಾಗಿ ಟಿಂಕರು ಆಗಾಗ ತಗಡಿನ ಮೇಲೆ ಬಟ್ಟೆ ಹಾಸಿ ಕೈಯಿಂದ ಸವರಿ ನೋಡುತ್ತಾನೆ.

ಉಳಿದ ಸಣ್ಣ ತಗ್ಗಿಗೆ ಈಗ ಪುಟ್ಟಿ ಮೆತ್ತುವವರೇ ಹೆಚ್ಚು. ಆ ಕಾಲದ ಅಮೆರಿಕನ್ ಕಾರ್ಖಾನೆಗಳಲ್ಲಿ ಬೆಸುಗೆಯ ಸಾಲುಗಳನ್ನು ಸೀಸದಿಂದ ತುಂಬುತ್ತಿದ್ದರು. ಮೂವತ್ತು ಪಾಲು ತವರ, ಎಪ್ಪತ್ತು ಪಾಲು ಸೀಸದ ಮಿಶ್ರಣ 183 ಡಿಗ್ರಿಯಿಂದ ಸುಮಾರು 250 ಡಿಗ್ರಿಯ ನಡುವೆ ಅತ್ತ ಗಟ್ಟಿಯೂ ಅಲ್ಲ, ಇತ್ತ ನೀರೂ ಅಲ್ಲ. ಆ ಹೊತ್ತಿನಲ್ಲಿ ಎಣ್ಣೆ ಸವರಿದ ಮರದ ಹಲಗೆಯಿಂದ ಅದನ್ನು ಬೇಕಾದಲ್ಲಿಗೆ ತಳ್ಳಬಹುದು. ಕಾವು ಸ್ವಲ್ಪ ಏರಿದರೆ ಸೀಸ ನೆಲಕ್ಕೆ ಸುರಿಯುತ್ತದೆ, ಇಳಿದರೆ ಒರಟಾಗಿ ಒಡೆಯುತ್ತದೆ. ಕೊನೆಗೆ ಅರದಿಂದ ಕೆರೆದು ನಯ ಮಾಡಬೇಕು. ಉಜ್ಜು ಕಾಗದ ಹಚ್ಚಿದರೆ ವಿಷದ ಧೂಳು ಎದೆಗೆ ಹೋಗುತ್ತದೆ. ಪುಟ್ಟಿಯಂತೆ ಸೀಸ ತೇವ ಹೀರುವುದಿಲ್ಲ. ಕಡಲಂಚಿನ ಕಾರಿಗೆ ಅದರ ಬೆಲೆ ಇರುವುದು ಅಲ್ಲಿ.

ಬಾಡಿಯೊಡನೆ ಹೋಲಿಸಿದರೆ ಎಂಜಿನ್ ಸಾಧು ಪ್ರಾಣಿ. ಸಾಲಾಗಿ ಆರು ಸಿಲಿಂಡರು, 3.6 ಲೀಟರ್, ನೂರಕ್ಕೆ ಸ್ವಲ್ಪ ಕಡಿಮೆ ಕುದುರೆಶಕ್ತಿ. ವಾಲ್ವುಗಳು ಸಿಲಿಂಡರಿನ ತಲೆಯ ಮೇಲಿಲ್ಲ, ಪಕ್ಕದಲ್ಲಿ, ಬ್ಲಾಕಿನೊಳಗೇ ನಿಂತಿವೆ. ಹಾಗಾಗಿ ಹೆಡ್ ಎಂಬುದು ಬರೀ ಚಪ್ಪಟೆ ಮುಚ್ಚಳ. ಬಾನೆಟ್ ಎತ್ತಿದರೆ ಎರಡೂ ಬದಿಗೆ ಕೈ ಹೋಗುವಷ್ಟು ಜಾಗ. ಇದರ ಗುಟ್ಟಿನ ಭಾಗವೊಂದು ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಬ್ಲಾಕಿನೊಳಗೆ ಉದ್ದಕ್ಕೂ ಒಂದು ತೆಳು ತಗಡಿನ ಕೊಳವೆ ಮಲಗಿದೆ. ಅದರಲ್ಲಿನ ಕಿಂಡಿಗಳಿಂದ ತಣ್ಣೀರು ಪ್ರತಿ ವಾಲ್ವಿನ ಬುಡಕ್ಕೆ ಹರಿಯಬೇಕು. ವರ್ಷಗಳು ಕಳೆದಂತೆ ಅದು ತುಕ್ಕಿಗೆ ಕರಗುತ್ತದೆ. ಆಗ ಮುಂದಿನ ಸಿಲಿಂಡರುಗಳಿಗೆ ನೀರು, ಹಿಂದಿನವಕ್ಕೆ ಬರ. ಗೇರುಸೊಪ್ಪೆಯ ಘಟ್ಟ ಹತ್ತುವಾಗ ಹಿಂದಿನ ವಾಲ್ವುಗಳು ಸುಟ್ಟುಹೋಗುತ್ತವೆ, ಕಾವು ತೋರಿಸುವ ಮುಳ್ಳು ನೋಡಿದರೆ ಎಲ್ಲ ಸರಿಯಿದ್ದಂತೆಯೇ. ರೇಡಿಯೇಟರು, ನೀರಿನ ಪಂಪು ಬಿಚ್ಚಿ, ಕೊಕ್ಕೆ ಹಾಕಿ ಕೊಳವೆಯನ್ನು ಮುಂದಿನಿಂದ ಎಳೆಯಬೇಕು. ತುಂಡಾಗದೆ ಬಂದರೆ ಅದೃಷ್ಟ. ಹೊಸದನ್ನು ಹಿತ್ತಾಳೆ ತಗಡಿನಲ್ಲಿ ಮಡಚಿ, ಹಳೆಯದರ ಅಳತೆಗೇ ಕಿಂಡಿ ಕೊರೆದು ಕೂರಿಸಿದರೆ ಮತ್ತೆ ತುಕ್ಕಿನ ಚಿಂತೆಯಿಲ್ಲ.

ಇನ್ನು ಕೆಲವನ್ನು ಗೊತ್ತಿದ್ದವರೇ ಮುಟ್ಟಬೇಕು. ಎಡಗಡೆಯ ಗಾಲಿಗಳ ಬೋಲ್ಟು ಉಲ್ಟಾ ಥ್ರೆಡ್ಡಿನವು. ತಿಳಿಯದ ಪಂಕ್ಚರಿನವನು ಬಿಚ್ಚುತ್ತೇನೆಂದುಕೊಂಡು ಬಿಗಿಯುತ್ತಾ ಹೋಗಿ ಮುರಿಯುತ್ತಾನೆ. ಬ್ಯಾಟರಿ ಆರು ವೋಲ್ಟಿನದು, ಕಾರಿನ ಮೈಗೆ ಜೋಡಿಸಿರುವುದು ಧನ ತುದಿ. ಈಗಿನ ಎಥನಾಲ್ ಬೆರೆತ ಪೆಟ್ರೋಲು ಹಳೆಯ ಪಂಪಿನ ರಬ್ಬರನ್ನು ಮೆತ್ತಗಾಗಿಸುವುದರಿಂದ ಅದನ್ನೆಲ್ಲ ಬದಲಿಸಬೇಕು. ಲೀಟರಿಗೆ ಆರೇಳು ಕಿಲೋಮೀಟರ್ ಓಡುವ ಕಾರಿನ ಪೆಟ್ರೋಲ್ ಖರ್ಚು ತಾಳಲಾರದೆ ಎಷ್ಟೋ ಮಂದಿ ಡೀಸೆಲ್ ಎಂಜಿನ್ ಕೂರಿಸಿಕೊಂಡರು. ಅದೂ ಒಂದು ಕೌಶಲವೇ, ಆದರೆ ಆ ಆರು ಸಿಲಿಂಡರಿನ ಮೆಲುದನಿ ಕೇಳಿದವರಿಗೆ ಮನಸ್ಸು ಒಪ್ಪುವುದು ಕಷ್ಟ.

ಅಂಥವರು ಮೂಲ ಎಂಜಿನ್ನನ್ನೇ ಮತ್ತೆ ಹುಡುಕುವುದಕ್ಕೆ ಈಗ ಕಾನೂನಿನ ಕಾರಣವೂ ಇದೆ. 2021ರ ನಿಯಮದಂತೆ ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಇಪ್ಪತ್ತು ಸಾವಿರ ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಹಾಗೆ ನೋಂದಾಯಿಸಿದ ಕಾರನ್ನು ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲ್ ಹಾಕಿಸಲು ಮತ್ತು ರಿಪೇರಿಗೆ ರಸ್ತೆಗಿಳಿಸಬಹುದು. ಅಪ್ಸರಕೊಂಡದಂಥ ಊರಿನಲ್ಲಿ ಡಾಡ್ಜ್ ಇಟ್ಟುಕೊಂಡವರಿಗೆ ಆ ಕೊನೆಯ ಕಾರಣವೊಂದೇ ವರ್ಷವಿಡೀ ಓಡಾಡಲು ಸಾಕು.